ನಾಲ್ಕು ಹತ್ತಕ್ಕೆ ಬಂದವನು

ಟಿಣ್...

ಏಳು ತಿಂಗಳಾದ ಮೇಲೆ, ಒಂದು ಸಂಜೆ ಆರೂ ಇಪ್ಪತ್ತಕ್ಕೆ, ಕಂಪ್ಯೂಟರ್ ಮತ್ತೆ ಆ ಸದ್ದು ಮಾಡಿತು.

ಅಡುಗೆಮನೆಯಲ್ಲಿ ಲೈಟರ್ ಚಟಕ್ಕೆಂದಿತು. ಅಮ್ಮ ಒಲೆ ಹಚ್ಚಿದ್ದಳು. ಯೋಚಿಸಿ ಹಚ್ಚಿದ್ದಲ್ಲ, ಕೈ ತಾನಾಗಿ ಹೋಗಿತ್ತು. ಒಂಬತ್ತು ವರ್ಷ ಆ ಸದ್ದು ಕೇಳಿದ ಕೂಡಲೇ ಟೀಗೆ ನೀರಿಟ್ಟ ಕೈ ಅದು.

"ಬಂದ," ಎಂದಳು ಅಮ್ಮ ಒಳಗಿನಿಂದ.

ಮುಂದಿನ ಕೋಣೆಯಲ್ಲಿ ಟೈಪ್ ಮಾಡುತ್ತಿದ್ದ ಮಗಳ ಬೆರಳುಗಳು ಕೀಲಿಗಳ ಮೇಲೇ ನಿಂತುಹೋದವು.

ಆ ಸದ್ದು ಅವಳ ಅಣ್ಣನದು.

ಅಣ್ಣ ನೀರು ಸರಬರಾಜು ಇಲಾಖೆಯಲ್ಲಿ ಸೋರಿಕೆ ಹುಡುಕುವವನಾಗಿದ್ದ. ರಸ್ತೆಯ ಮೇಲೆ ಮೈಕು ಇಟ್ಟು, ಅಡಿಯಲ್ಲಿ ಹರಿಯುವ ಪೈಪಿನ ಸದ್ದು ಹಿಡಿದು, ಎಲ್ಲಿ ಅಗೆಯಬೇಕೆಂದು ಸುಣ್ಣದಲ್ಲಿ ಗುರುತು ಹಾಕುವ ಕೆಲಸ. ಸದ್ದು ಹಿಡಿಯುತ್ತಿದ್ದದ್ದು ಅಂಗೈ ಅಗಲದ ಒಂದು ಲಿನಕ್ಸ್ ಯಂತ್ರದಲ್ಲಿ. ಮನೆಯವರ ಬಾಯಲ್ಲಿ ಅದು ಬರೀ 'ಡಬ್ಬಿ'. ಅಣ್ಣ ಆ ಡಬ್ಬಿಗೆ ಒಂದು ಬುದ್ಧಿ ಕಲಿಸಿದ್ದ. ಮನೆಯ ವೈಫೈ ಸಿಕ್ಕ ಕೂಡಲೇ, ಯಾರೂ ಏನೂ ಒತ್ತದೆ, ಅದು ಆ ದಿನದ ಫೈಲುಗಳನ್ನೆಲ್ಲ ಗಾಳಿಯಲ್ಲೇ ಕಂಪ್ಯೂಟರಿಗೆ ದಾಟಿಸಿಬಿಡಬೇಕು. ಎಲ್ಲ ಬಂದು ಸೇರಿದ ಮೇಲೆ ಕಂಪ್ಯೂಟರ್ ಟಿಣ್ ಎನ್ನಬೇಕು. ಹೀಗಾಗಿ ಅವನು ಗೇಟಿನ ಚಿಲಕಕ್ಕೆ ಕೈ ಹಾಕುವ ಮೊದಲೇ ಮನೆಗೆ ಸುದ್ದಿ ಮುಟ್ಟುತ್ತಿತ್ತು. ಅವನು ಶೂ ಬಿಚ್ಚುವಷ್ಟರಲ್ಲಿ ಟೀ ಕುದಿಯುತ್ತಿತ್ತು.

ಅಣ್ಣ ಈಗ ಇಲ್ಲ. ರಸ್ತೆಯಡಿ ಮುಚ್ಚಳ ಹಾಕಿಟ್ಟ ಒಂದು ವಾಲ್ವ್ ಚೇಂಬರಿಗೆ ಇಳಿದವನು ಮೇಲೆ ಬರಲಿಲ್ಲ. ಒಳಗೆ ಗಾಳಿ ಕೆಟ್ಟಿತ್ತು. ಅವನ ಹೆಲ್ಮೆಟ್ಟು, ಶೂ, ಸಲಕರಣೆಯ ಚೀಲ ಮನೆಗೆ ಬಂದವು. ಡಬ್ಬಿ ಬರಲಿಲ್ಲ. ಚೇಂಬರಿನ ನೀರಿನಲ್ಲಿ ಹೋಗಿರಬೇಕು ಎಂದರು ಇಲಾಖೆಯವರು.

ಅವಳು ಫೋಲ್ಡರ್ ತೆರೆದಳು. ಒಂದೇ ಒಂದು ಹೊಸ ಫೈಲು. ಡಬ್ಬಿಯಲ್ಲಿ ಫೈಲಿಗೆ ತಾರೀಕು ಮತ್ತು ಹೊತ್ತೇ ಹೆಸರು. ಈ ಫೈಲಿನ ಹೆಸರು... ಸಾವಿರದ ಒಂಬೈನೂರ ಎಪ್ಪತ್ತು, ಜನವರಿ ಒಂದು, ಸೊನ್ನೆ ಗಂಟೆ ಒಂದು ನಿಮಿಷ.

ಅಣ್ಣ ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲಿನ ದಿನ.

ಅದನ್ನು ಒತ್ತಿದಳು. ಪೈಪಿನಲ್ಲಿ ನೀರು ಹರಿಯುವ ಸದ್ದು. ಆಳದಲ್ಲಿ, ತಣ್ಣಗೆ, ಎಡೆಬಿಡದೆ. ಅದರ ಮೇಲೆ ಯಾರೋ ಉಸಿರಾಡುತ್ತಿದ್ದರು.

ಚಪ್ಪಲಿಯನ್ನೂ ಮೆಟ್ಟದೆ ಅವಳು ಹೊರಗೆ ಓಡಿದಳು.

ಗೇಟಿನಾಚೆ, ಎದುರುಗೋಡೆಯ ಪಕ್ಕ, ಸೈಕಲ್ಲಿಗೆ ಒರಗಿಕೊಂಡು ಉದ್ದನೆಯ ಒಬ್ಬ ಗಂಡಸು ನಿಂತಿದ್ದ. ಅವಳನ್ನು ಕಂಡು ಅಲ್ಲಾಡಲಿಲ್ಲ. ಅಲ್ಲಾಡದೆ ನಿಲ್ಲುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಹೆಡ್‌ಫೋನ್ ಹಾಕಿಕೊಂಡು, ಕುತ್ತಿಗೆ ಬಗ್ಗಿಸಿ, ರಸ್ತೆಯ ಮೇಲೆ ಗಂಟೆಗಟ್ಟಲೆ ನಿಲ್ಲುತ್ತಿದ್ದ ಅವನಿಗೆ ಅಣ್ಣ 'ಕೊಕ್ಕರೆ' ಎಂದೇ ಹೆಸರಿಟ್ಟಿದ್ದ. ಅಣ್ಣನ ಜೋಡಿ ಕೆಲಸಗಾರ. ಚೇಂಬರಿಗೆ ಒಬ್ಬ ಇಳಿದರೆ ಇನ್ನೊಬ್ಬ ಮೇಲೆ ನಿಂತಿರಬೇಕು, ಅದು ನಿಯಮ. ಆ ದಿನ ಮೇಲೆ ನಿಂತಿರಬೇಕಾದವನು ಇವನು.

ಇರಲಿಲ್ಲ.

ಸಾವಿನ ಮನೆಯಲ್ಲಿ ಎಲ್ಲರೆದುರು ಅವಳು ಕೇಳಿದ್ದಳು, ಇಬ್ಬರು ಇರಬೇಕಾದ ಕಡೆ ಒಬ್ಬನೇ ಯಾಕಿದ್ದ ಎಂದು. ಇವನು ನೆಲ ನೋಡಿದ್ದ. ನಮ್ಮ ಗೇಟಿನ ಹತ್ತಿರ ಇನ್ನು ಕಾಣಿಸಿಕೊಳ್ಳಬೇಡಿ ಎಂದಿದ್ದಳು. ಅದಕ್ಕೂ ನೆಲವನ್ನೇ ನೋಡಿದ್ದ.

ಈಗ ಅವನ ಕೈಯಲ್ಲಿ ಡಬ್ಬಿ ಇತ್ತು. ಅದರ ಹಸಿರು ದೀಪ ಮಿಣುಕುತ್ತಿತ್ತು.

"ಅದು ನಮ್ಮಣ್ಣಂದು."

"ಹೌದು."

"ನೀರಲ್ಲಿ ಹೋಯ್ತು ಅಂದ್ರು."

"ನನ್ನ ಹತ್ರಾನೇ ಇತ್ತು." ಅವನು ಹಸಿರು ದೀಪವನ್ನೇ ನೋಡಿದ. "ಇಷ್ಟು ದಿನ ಆನ್ ಮಾಡೋಕೆ ಧೈರ್ಯ ಬರ್ಲಿಲ್ಲ. ಬ್ಯಾಟರಿ ಊದಿಕೊಂಡು ಹಾಳಾಗಿತ್ತು. ಬೇರೆ ಹಾಕಿದೆ. ಮನೆ ಹತ್ರ ಬಂದ್ರೆ ಇನ್ನೂ ಕಳಿಸುತ್ತಾ ನೋಡೋಣ ಅಂತ..."

"ಕಳಿಸ್ತು. ಅಮ್ಮ ಒಲೆ ಹಚ್ಚಿದ್ರು."

ಅವನು ಕಣ್ಣು ಮುಚ್ಚಿಕೊಂಡ. ಯಾರೋ ಕೆನ್ನೆಗೆ ಬಾರಿಸಿದ್ದರೂ ಮುಖ ಅಷ್ಟು ಕುಗ್ಗುತ್ತಿರಲಿಲ್ಲ.

"ನಿಮ್ಮ ಹತ್ರ ಹೇಗೆ ಬಂತು ಅದು?"

"ಹೇಳ್ಬೇಕು ನಿಮಗೆ. ಎದುರು ನಿಂತು ಬಾಯಲ್ಲಿ ಬರಲ್ಲ ನನಗೆ. ಇದರಲ್ಲೇ ಹೇಳಿ ನಾಳೆ ಕಳಿಸ್ತೀನಿ. ಕೇಳಿ. ಆಮೇಲೆ ಬರಬೇಡ ಅಂದ್ರೆ ಬರಲ್ಲ."

ಸೈಕಲ್ ತಿರುಗಿಸಿಕೊಂಡು ಹೊರಟೇಹೋದ.

ಅವಳು ಒಳಗೆ ಬಂದಾಗ ಮೇಜಿನ ಮೇಲೆ ಮೂರು ಕಪ್ ಟೀ ಇತ್ತು. ಮೂರನೆಯದರ ಹಬೆ ಅಣ್ಣನ ಖಾಲಿ ಕುರ್ಚಿಯ ಕಡೆಗೆ ಬಾಗಿ ಹೋಗುತ್ತಿತ್ತು. ಯಾರು ಹೊರಗೆ ಎಂದು ಅಮ್ಮ ಕೇಳಲಿಲ್ಲ. ಅವಳೂ ಹೇಳಲಿಲ್ಲ.

*

ಮರುದಿನ ಆರೂ ಇಪ್ಪತ್ತಕ್ಕೆ ಸರಿಯಾಗಿ ಟಿಣ್ ಎಂದಿತು.

ಎಂಟು ಫೈಲು. ತಾರೀಕು ಈ ಸಲ ಸರಿಯಾಗಿತ್ತು. ಅವಳು ಒಂದೊಂದನ್ನೂ ಎರಡೆರಡು ಸಲ ಕೇಳಿದಳು. ಪ್ರತಿಯೊಂದರ ಮೊದಲಲ್ಲೂ ಅವನ ದನಿ ಬೀದಿಯ ಸಂಖ್ಯೆ, ವಾಲ್ವಿನ ಸಂಖ್ಯೆ ಹೇಳುತ್ತಿತ್ತು. ಆಮೇಲೆ ಬರೀ ನೀರು. ಹೇಳುತ್ತೇನೆ ಎಂದಿದ್ದ ಮಾತು ಎಲ್ಲೂ ಇರಲಿಲ್ಲ. ಕೊನೆಯಲ್ಲಿ ಒಂದು ಪುಟ್ಟ ಟಿಪ್ಪಣಿ ಇತ್ತು. 'ಅವನು ಹೋದ ಮೇಲೆ ಹನ್ನೊಂದು ಕಡೆ ಅಗೆದೆವು. ಹನ್ನೊಂದೂ ಒಣಗಿತ್ತು. ಕೇಳುವವರಿಲ್ಲ. ನಿಮ್ಮಿಂದ ಆದರೆ...'

ಅವನಿಗೆ ಗೊತ್ತಿತ್ತು ಹಾಗಾದರೆ!

ಅದು ಅಣ್ಣ ತಂಗಿಯ ಗುಟ್ಟು. ಇಲಾಖೆಗೆಲ್ಲ ಹೆಸರಾಗಿದ್ದ ಅಣ್ಣನ ಬಲಗಿವಿ ಅರ್ಧ ಮಂದ. ಫೈಲುಗಳು ಮನೆಗೆ ಬಂದ ಮೇಲೆ, ಯಾವುದು ಸೋರಿಕೆ, ಯಾವುದು ಬರೀ ಗಡಿಬಿಡಿಯ ನೀರು ಎಂದು ಹೇಳುತ್ತಿದ್ದವಳು ಇವಳು. ಡಾಕ್ಟರುಗಳು ಗೊಣಗಿದ್ದನ್ನು ಕೇಳಿ ಟೈಪ್ ಮಾಡುವುದು ಇವಳ ಹೊಟ್ಟೆಪಾಡು. ಅಂಥ ಕಿವಿಗೆ ಪೈಪಿನ ಭಾಷೆ ಏನು ಮಹಾ! ಸೋರುವ ಪೈಪು ಹಲ್ಲಿನ ಸಂದಿಯಲ್ಲಿ ಉಸಿರೆಳೆದುಕೊಳ್ಳುವವರ ಹಾಗೆ ಸದ್ದು ಮಾಡುತ್ತದೆ. ಕೇಳಿದವರು ಮರೆಯುವುದಿಲ್ಲ.

ಹೇಳುತ್ತೇನೆ ಎಂದವನು ಹೇಳಲಿಲ್ಲ. ಅವಳಿಗೆ ಸಿಟ್ಟು ಬರಬೇಕಿತ್ತು. ಬಂತು ಕೂಡ. ಆದರೆ ಅದರ ಅಡಿಯಲ್ಲಿ ಏನೋ ಹಗುರಾಯಿತು. ಅವನು ಹೇಳಿಬಿಟ್ಟರೆ ಒಂದು ಲೆಕ್ಕವನ್ನು ಅವಳು ಮುಗಿಸಲೇಬೇಕಾಗುತ್ತಿತ್ತು. ಅವಳು ಬೇಕೆಂದೇ ಅರ್ಧಕ್ಕೆ ಬಿಟ್ಟಿದ್ದ ಲೆಕ್ಕ ಅದು.

ಯಾಕೆಂದರೆ, ಅಣ್ಣ ತೀರಿಕೊಂಡ ದಿನವೂ ಕಂಪ್ಯೂಟರ್ ಟಿಣ್ ಎಂದಿತ್ತು.

ಮಧ್ಯಾಹ್ನ ನಾಲ್ಕು ಹತ್ತಕ್ಕೆ. ಇಷ್ಟು ಬೇಗ ಬಂದನಲ್ಲ ಎಂದುಕೊಂಡು ಅಮ್ಮ ಒಲೆ ಹಚ್ಚಿದಳು. ಟೀ ಕುದಿಯಿತು, ಆರಿತು. ಗೇಟು ತೆರೆಯಲಿಲ್ಲ. ಐದೂವರೆಗೆ ಫೋನ್ ಬಂತು. ಜೀವ ಹೋದದ್ದು ನಾಲ್ಕರ ಸುಮಾರಿಗೆ ಎಂದರು ಡಾಕ್ಟರು. ಚೇಂಬರು ಇಲ್ಲಿಂದ ಮೂರು ಕಿಲೋಮೀಟರು ದೂರ.

ಅಂದಿನಿಂದ ಅಮ್ಮನದು ಒಂದೇ ಮಾತು. ಅವನು ನಾಲ್ಕು ಹತ್ತಕ್ಕೆ ಮನೆಗೆ ಬಂದಿದ್ದ. ಹೇಳಿ ಹೋಗಲು ಬಂದಿದ್ದ. ಸಮಾಧಾನ ಹೇಳಲು ಬಂದವರು ತಲೆ ಆಡಿಸಿ, ಗೇಟು ದಾಟಿದ ಮೇಲೆ ಅಯ್ಯೋ ಪಾಪ ಎಂದರು. ಮಗಳು ತಲೆಯನ್ನೂ ಆಡಿಸಲಿಲ್ಲ, ಅಲ್ಲ ಎನ್ನಲೂ ಇಲ್ಲ. ಆ ಹೊತ್ತಿಗೆ ಬಂದು ಬಿದ್ದಿದ್ದ ಏಳು ಫೈಲುಗಳನ್ನು ಅವಳು ಇವತ್ತಿನವರೆಗೂ ತೆರೆದಿರಲಿಲ್ಲ. ಒಳಗೆ ಏನಿರಬಹುದು? ಬರೀ ನೀರಿದ್ದರೆ ಅಣ್ಣ ಇನ್ನೊಮ್ಮೆ ಸತ್ತ ಹಾಗೆ. ನೀರಲ್ಲದ್ದು ಇದ್ದರೆ... ಅದನ್ನು ಯೋಚಿಸಲೂ ಅವಳಿಗೆ ಭಯವಾಗುತ್ತಿತ್ತು. ದಿನವೂ ಅದೇ ಕಂಪ್ಯೂಟರಿನಲ್ಲಿ ಕೆಲಸ. ಆ ಏಳು ಹೆಸರುಗಳ ಮೇಲೆ ಕಣ್ಣು ಬಿದ್ದಾಗಲೆಲ್ಲ, ಮಲಗಿದವರ ಕೋಣೆಯನ್ನು ದಾಟುವ ಹಾಗೆ ಸದ್ದಿಲ್ಲದೆ ದಾಟಿಹೋಗುತ್ತಿದ್ದಳು.

'ನನ್ನ ಹತ್ರಾನೇ ಇತ್ತು' ಎಂದಿದ್ದ ಅವನು. ಆ ಮಾತನ್ನು ನಾಲ್ಕು ಹತ್ತರ ಪಕ್ಕ ಇಟ್ಟರೆ ಲೆಕ್ಕ ಮುಗಿಯುತ್ತಿತ್ತು. ಅವಳು ಇಡಲಿಲ್ಲ.

ಬದಲಿಗೆ ಉತ್ತರ ಬರೆದು ಇಟ್ಟಳು. 'ಮೂರನೆಯದು ಸೋರಿಕೆ. ಗುರುತಿನಿಂದ ಎಡಕ್ಕೆ ಎರಡು ಹೆಜ್ಜೆ. ಉಳಿದದ್ದು ಏನೂ ಇಲ್ಲ.' ಮರುಸಂಜೆ ಡಬ್ಬಿ ತನ್ನ ಫೈಲುಗಳನ್ನು ಕೊಟ್ಟು ಇವಳ ಉತ್ತರವನ್ನು ತೆಗೆದುಕೊಂಡು ಹೋಯಿತು. ಅದರ ಮರುದಿನ ಟಿಪ್ಪಣಿ ಬಂತು. 'ಅಗೆದೆವು. ಎಡಕ್ಕೆ ಎರಡು ಹೆಜ್ಜೆ. ಸರಿಯಾಗಿ ಅಲ್ಲೇ.'

ಹೀಗೆ ಶುರುವಾಯಿತು. ಅವನು ಗೇಟಿನಾಚೆ ಎರಡು ನಿಮಿಷ ನಿಲ್ಲುತ್ತಿದ್ದ. ಹಸಿರು ದೀಪ ಮಿಣುಕುವುದು ನಿಂತ ಮೇಲೆ ಹೋಗುತ್ತಿದ್ದ. ಒಳಗೆ ಅವಳು ಕಿಟಕಿಗೆ ಬೆನ್ನು ಹಾಕಿ ಕೂತಿರುತ್ತಿದ್ದಳು. ಮಾತಿಲ್ಲ, ಮುಖ ನೋಡುವುದಿಲ್ಲ. ಫೈಲುಗಳು ಮಾತ್ರ ಹೋಗಿ ಬರುತ್ತಿದ್ದವು.

ಒಂದು ದಿನ ಬರೆದಳು. 'ಆರನೆಯದು ಸೋರಿಕೆ ಅಲ್ಲ. ಯಾರೋ ಸ್ನಾನ ಮಾಡ್ತಿದ್ದಾರೆ. ಹಾಡೂ ಕೇಳಿಸುತ್ತೆ, ಶ್ರುತಿ ಇಲ್ಲ.'

ಎರಡು ದಿನಕ್ಕೆ ಉತ್ತರ ಬಂತು. 'ಆಗಲೇ ಸುಣ್ಣ ಹಾಕಿಬಿಟ್ಟಿದ್ದೆ. ಕಾಲಲ್ಲಿ ಅಳಿಸಿದೆ. ಆ ಮನೆಯವರು ಯಾಕೆ ಅಂತ ಕೇಳಿದ್ರು. ಹಾಡಿನ ವಿಷಯ ಹೇಳಲಿಲ್ಲ.'

ಅವಳಿಗೆ ನಗು ಬಂತು. ನಕ್ಕ ಮೇಲೆ ಸುತ್ತ ನೋಡಿಕೊಂಡಳು. ಈ ಮನೆಯಲ್ಲಿ ಯಾರೋ ನಕ್ಕರಲ್ಲ, ಯಾರದು?

ಆಮೇಲಾಮೇಲೆ ಅವನು ನೀರಿನ ಸದ್ದು ಮುಗಿದ ಮೇಲೂ ಮೈಕು ನಿಲ್ಲಿಸುತ್ತಿರಲಿಲ್ಲ. ಅರ್ಧ ನಿಮಿಷ ಹೆಚ್ಚು. ಶಾಲೆ ಬಿಡುವ ಗಂಟೆ, ಚಕ್ರ ಕಿರುಗುಟ್ಟುವ ತಳ್ಳುಗಾಡಿ, ಗೋಡೆಯ ಮೇಲೆ ಜಗಳವಾಡುವ ಎರಡು ಬೆಕ್ಕು. ಯಾಕೆ ಎಂದು ಅವನು ಬರೆಯಲಿಲ್ಲ, ಅವಳು ಕೇಳಲಿಲ್ಲ. ಏಳು ತಿಂಗಳಿಂದ ಗೇಟು ದಾಟದವಳ ಕಿವಿಗೆ ಅವನು ಊರನ್ನು ತುಣುಕು ತುಣುಕಾಗಿ ತಂದು ಹಾಕುತ್ತಿದ್ದ. ಆರು ಗಂಟೆಯಾದರೆ ಅವಳಿಗೆ ಡಾಕ್ಟರುಗಳ ಗೊಣಗಾಟ ತಲೆಗೆ ಹೋಗುತ್ತಿರಲಿಲ್ಲ.

'ಇದು ಸರಿಯಲ್ಲ,' ಎಂದುಕೊಳ್ಳುತ್ತಿದ್ದಳು. 'ಅಣ್ಣನ ಪಕ್ಕದಲ್ಲಿ ಇಲ್ಲದೇ ಹೋದವನು ಇವನು. ಇವನ ಸದ್ದಿಗೆ ನಾನು ಕಾಯುತ್ತೇನಲ್ಲ...'

ಟಿಣ್ ಎಂದಾಗಲೆಲ್ಲ ಒಳಗೆ ಲೈಟರ್ ಚಟಕ್ಕೆನ್ನುತ್ತಿತ್ತು. ದಿನವೂ ಮೂರು ಕಪ್. ದಿನವೂ ಮೂರನೆಯದನ್ನು ಅಮ್ಮ ಆರಿದ ಮೇಲೆ ಚೆಲ್ಲಿ, ತೊಳೆದು, ಬೋರಲು ಹಾಕುತ್ತಿದ್ದಳು.

*

ಐದನೆಯ ವಾರ ಬಂದ ಟಿಪ್ಪಣಿ ಚಿಕ್ಕದಾಗಿತ್ತು.

'ನಾನು ಹೇಳಿದ್ದನ್ನೆಲ್ಲ ಕೇಳಿದ ಮೇಲೂ ಒಂದು ದಿನ ತಪ್ಪದೆ ಉತ್ತರ ಕಳಿಸ್ತಿದ್ದೀರಿ. ಇಂಥ ಮನಸ್ಸು ನಾನು ನೋಡಿಲ್ಲ. ಇದನ್ನಾದರೂ ಹೇಳಬೇಕು ಅನ್ನಿಸ್ತು.'

ಅವಳು ಮೂರು ಸಲ ಓದಿದಳು. ಏನು ಕೇಳಿದೆ ನಾನು?

ಎದ್ದು ಹೊರಗೆ ಹೋದಳು. ಅವನು ಇನ್ನೂ ಅಲ್ಲೇ ಇದ್ದ, ಸೈಕಲ್ಲಿನ ಮೇಲೆ ಒಂದು ಕಾಲಿಟ್ಟು. ಇವಳು ಬರುವುದನ್ನು ಕಂಡು ಅವನ ಮುಖ ಬೆಳಗಿತು. ಐದು ವಾರದಲ್ಲಿ ಮೊದಲ ಸಲ ಇವಳಾಗಿ ಬರುತ್ತಿದ್ದಳಲ್ಲ!

"ನೀವು ಏನು ಹೇಳಿದ್ರಿ? ನಾನು ಏನು ಕೇಳಿದೆ?"

"ಎರಡನೇ ದಿನ ಕಳಿಸಿದ್ನಲ್ಲ..."

"ಎಂಟು ಫೈಲು ಬಂತು. ಎಂಟೂ ನೀರು."

"ಒಂಬತ್ತು ಕಳಿಸಿದ್ದೆ."

ಅವನ ಮುಖದ ಬೆಳಕು ಅವಳ ಕಣ್ಣೆದುರಿಗೇ ಆರುತ್ತ ಹೋಯಿತು. ಐದು ವಾರ ಅವನು ತನ್ನನ್ನು ಕ್ಷಮಿಸಿದ್ದಾರೆ ಎಂಬ ನಂಬಿಕೆಯಲ್ಲಿ ಇಲ್ಲಿಗೆ ಬಂದು ನಿಂತಿದ್ದ. ಕ್ಷಮೆ ಇರಲಿ, ವಿಷಯವೇ ಇವಳಿಗೆ ಮುಟ್ಟಿರಲಿಲ್ಲ.

ಅವನು ಡಬ್ಬಿಯನ್ನು ಕುತ್ತಿಗೆಯಿಂದ ತೆಗೆದು ಗೇಟಿನ ಕಂಬಿಗಳ ನಡುವೆ ಚಾಚಿದ.

"ಇದರಲ್ಲೇ ಇದೆ ಇನ್ನೂ. ಕೇಳಿ. ನಾಳೆಯಿಂದ ನಾನು ಬರಲ್ಲ. ಬರಬಹುದು ಅಂತ ಅನ್ನಿಸಿದ್ದೇ ತಪ್ಪು ಲೆಕ್ಕದ ಮೇಲೆ."

*

ಅವಳು ಡಬ್ಬಿಯನ್ನು ಮೇಜಿನ ಮೇಲಿಟ್ಟು ಹುಡುಕಿದಳು. ಒಂಬತ್ತನೆಯ ಫೈಲು ಅದರಲ್ಲಿತ್ತು. ಅದರ ಹೆಸರು... ಸಾವಿರದ ಒಂಬೈನೂರ ಎಪ್ಪತ್ತು, ಜನವರಿ ಒಂದು, ಸೊನ್ನೆ ಗಂಟೆ ಒಂದು ನಿಮಿಷ.

ಬ್ಯಾಟರಿ ತೆಗೆದು ಹಾಕಿದರೆ ಡಬ್ಬಿಯ ಗಡಿಯಾರ ಸತ್ತು ಮತ್ತೆ ಮೊದಲ ದಿನದಿಂದ ಹುಟ್ಟುತ್ತದೆ; ಲಿನಕ್ಸ್ ಯಂತ್ರಗಳಿಗೆ ಆ ಮೊದಲ ದಿನ ಎಪ್ಪತ್ತರ ಜನವರಿ ಒಂದು. ಮೊದಲ ಸಂಜೆ ಬಂದ ನೀರಿನ ಫೈಲು ಹಾಗೆ ಹುಟ್ಟಿದ್ದು. ಮಾರನೆಯ ಬೆಳಿಗ್ಗೆ ಬ್ಯಾಟರಿ ಚಾರ್ಜ್ ಮಾಡಿ ಹಾಕಿದವನೇ, ಗಡಿಯಾರ ಸರಿಮಾಡುವಷ್ಟೂ ತಾಳ್ಮೆಯಿಲ್ಲದೆ, ಅವನು ತನ್ನ ಮಾತನ್ನು ಹೇಳಿಬಿಟ್ಟಿದ್ದ. ಅದಕ್ಕೂ ಅದೇ ಹೆಸರು ಬಿತ್ತು. ಈ ಹೆಸರಿನದು ನನ್ನ ಬಳಿ ಆಗಲೇ ಇದೆ ಎಂದು ಕಂಪ್ಯೂಟರ್ ಅದನ್ನು ಸುಮ್ಮನೆ ಹೊರಗೇ ನಿಲ್ಲಿಸಿತ್ತು. ಒಮ್ಮೆ ಬಂದದ್ದನ್ನು ಮತ್ತೆ ತರಿಸಬಾರದು ಎಂದು ಅಣ್ಣನೇ ಕಲಿಸಿದ ಪಾಠ. ಡಬ್ಬಿ ಮಾತ್ರ, ಎಲ್ಲ ಮುಗಿಯಿತು ಎಂದು ಅವನಿಗೆ ಹಸಿರು ದೀಪ ತೋರಿಸಿತ್ತು.

ಅವಳು ಅದಕ್ಕೆ ಬೇರೆ ಹೆಸರು ಕೊಟ್ಟಳು. ಡಬ್ಬಿ ಮಿಣುಕಿತು. ಒಂದು ಗೇಣು ದೂರದಲ್ಲಿ ಕಂಪ್ಯೂಟರ್ ಟಿಣ್ ಎಂದಿತು. ಒಳಗೆ ಲೈಟರ್ ಚಟಕ್ಕೆಂದಿತು.

"ಯಾರೂ ಬಂದಿಲ್ಲಮ್ಮ," ಎಂದಳು. "ನಾನೇ."

ಹೆಡ್‌ಫೋನ್ ಹಾಕಿಕೊಂಡಳು.

ಅವನ ದನಿ. ಬೀದಿಯ ಸಂಖ್ಯೆ ಹೇಳುವ ದನಿಯಲ್ಲ, ಅದರ ಅಡಿಯಲ್ಲಿದ್ದದ್ದು.

"ಆ ದಿನ ಮೂರೂವರೆಗೆ ನಾನು ಅವನೊಬ್ಬನನ್ನೇ ಬಿಟ್ಟು ಹೊರಟೆ. ಡಬ್ಬಿ ನನ್ನ ಜೇಬಲ್ಲಿತ್ತು. ಮಾತು ಜೋಡಿಸ್ಕೊಳ್ತಾ ಸೈಕಲ್ ತಳ್ಕೊಂಡೇ ಬಂದೆ. ನಾಲ್ಕು ಹತ್ತಕ್ಕೆ ನಿಮ್ಮ ಗೇಟಿನ ಮುಂದೆ ನಿಂತಿದ್ದೆ. ನಿಮ್ಮ ಹತ್ರ ಒಂದು ಮಾತು ಹೇಳ್ಬೇಕಿತ್ತು. ಎರಡು ವರ್ಷದಿಂದ ಹೇಳ್ಬೇಕಿತ್ತು. ಒಳಗೆ ಲೈಟರ್ ಸದ್ದು ಕೇಳಿಸ್ತು. ಕರೆಯೋಕೆ ಬಾಯಿ ಬರ್ಲಿಲ್ಲ. ಹತ್ತು ನಿಮಿಷ ನಿಂತು ವಾಪಸ್ ಹೋದೆ. ಅಲ್ಲಿಗೆ ಹೋಗೋ ಹೊತ್ತಿಗೆ ಚೇಂಬರ್ ಮುಚ್ಚಳ ತೆಗೆದಿತ್ತು..."

ಡಬ್ಬಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದ ಸದ್ದು.

"ಮಗ ನಾಲ್ಕು ಹತ್ತಕ್ಕೆ ಬಂದಿದ್ದ ಅಂತ ಅಮ್ಮ ಹೇಳ್ತಾರಂತೆ. ಬಂದಿದ್ದು ನಾನು. ಅವನ ಹತ್ರ ಇರಬೇಕಾಗಿದ್ದವನು. ಇದರಲ್ಲಿ ಬೇರೆ ಯಾರ ತಪ್ಪೂ ಇಲ್ಲ. ಅಮ್ಮಂಗೆ ಹೇಳೋದು ಬಿಡೋದು ನಿಮಗೆ ಸೇರಿದ್ದು."

ಮುಗಿಯಿತು.

ಲೆಕ್ಕವೂ ಮುಗಿಯಿತು. ನಾಲ್ಕು ಹತ್ತಕ್ಕೆ ಯಾವ ಆತ್ಮವೂ ಬಂದಿರಲಿಲ್ಲ. ಗೇಟಿನಾಚೆ ಬೆವರುತ್ತ ಒಬ್ಬ ಉದ್ದನೆಯ ಮನುಷ್ಯ ನಿಂತಿದ್ದ, ಇವಳಿಗಾಗಿ. ಅವನು ಇವಳನ್ನು ಇಷ್ಟಪಡದೇ ಇದ್ದಿದ್ದರೆ ಅಣ್ಣ ಬದುಕಿರುತ್ತಿದ್ದನೇ? ಆ ಪ್ರಶ್ನೆ ತಣ್ಣಗೆ ಬಂದು ಅವಳ ಎದೆಯ ಮೇಲೆ ಕೂತಿತು. ಹಾಗಾದರೆ ಅವನ ತಪ್ಪಿನಲ್ಲಿ ಅವಳದೂ ಪಾಲಿತ್ತು. ಅವನನ್ನು ದ್ವೇಷಿಸಲು ಹೋದರೆ ಕೈ ತನಗೇ ತಗಲುತ್ತಿತ್ತು.

ಈಗ ಆ ಏಳು ಫೈಲುಗಳಿಗೆ ಹೆದರಲು ಏನೂ ಉಳಿದಿರಲಿಲ್ಲ. ಅವಳು ಹೆಡ್‌ಫೋನ್ ಕಿತ್ತು ಪಕ್ಕಕ್ಕಿಟ್ಟು ಮೊದಲನೆಯದನ್ನು ತೆರೆದಳು. ನೀರು. ಎರಡು, ಮೂರು, ನಾಲ್ಕು... ನೀರು. ಐದು, ಆರು. ಏಳನೆಯದರಲ್ಲಿ ನೀರು ಇರಲಿಲ್ಲ.

"ಗುಬ್ಬೀ."

ಅಣ್ಣ.

ಅವಳನ್ನು ಗುಬ್ಬಿ ಎನ್ನುವ ಇನ್ನೊಬ್ಬರು ಈ ಲೋಕದಲ್ಲಿರಲಿಲ್ಲ.

"ಆರು ಕೆಲಸದ್ದು. ಇದು ಏಳನೇದು, ಕೆಲಸಕ್ಕಿಂತ ದೊಡ್ಡದು. ಈ ಕೊಕ್ಕರೆನ ಡಬ್ಬಿ ಕೊಟ್ಟು ಮನೆ ಕಡೆ ಓಡಿಸ್ತಿದ್ದೀನಿ. ಅಲ್ಲಿ ಸೈಕಲ್ ಒರೆಸ್ತಾ ನಿಂತಿದ್ದಾನೆ ನೋಡು, ನಿನ್ನೆಯಿಂದ ಒರೆಸ್ತಿದ್ದಾನೆ. ಎರಡು ವರ್ಷದಿಂದ ನಿನ್ನ ವಿಷಯದಲ್ಲಿ ನನ್ನ ತಲೆ ತಿಂದಿದ್ದಾನೆ. ನಿನ್ನ ಮುಂದೆ ಬಂದ್ರೆ ಬಾಯಿಲ್ಲ. ಏನೂ ತೋಚದಿದ್ರೆ ಒಂದು ಲೋಟ ನೀರಾದ್ರೂ ಕೇಳೋ ಅಂತ ಹೇಳ್ಕೊಟ್ಟಿದ್ದೀನಿ."

ದೂರದಿಂದ ಇನ್ನೊಂದು ದನಿ. ಕೊಕ್ಕರೆಯದು. ಅವನಿಗೆ ಇದು ರೆಕಾರ್ಡ್ ಆಗುತ್ತಿರುವುದು ಗೊತ್ತಿಲ್ಲ. "ಲೋ, ಬೇಡ ಕಣೋ. ಒಬ್ಬನೇ ಇರ್ತೀಯ ಇಲ್ಲಿ. ನಾಳೆ ರಜಾ ಇದೆ, ನಾಳೆ ಹೋಗ್ತೀನಿ."

"ಮುಚ್ಚಳ ಮುಟ್ಟಲ್ಲ ಮಹಾರಾಯ. ನೀನು ಬರೋ ತನಕ ಅದರ ಮೇಲೇ ಕೂತಿರ್ತೀನಿ. ಸಾಕಾ? ಹೊರಡು!" ಅಣ್ಣನ ನಗು. ಆಮೇಲೆ ದನಿ ಹತ್ತಿರವಾಯಿತು, ಗುಟ್ಟಿನಂತಾಯಿತು. "ಗುಬ್ಬೀ, ಗೇಟ್ ಹತ್ರ ನಿಂತಿರ್ತಾನೆ. ಒಳ್ಳೆ ಹುಡುಗ. ನೀನೇ ಹೊರಗೆ ಬಂದು 'ಏನು' ಅಂತ ಕೇಳು. ಅಷ್ಟು ಸಾಕು. ಉಳಿದಿದ್ದು ಅವನೇ ಹೇಳ್ತಾನೆ."

ಅವಳ ಬೆನ್ನ ಹಿಂದೆ ಏನೋ ಬಿದ್ದು ಒಡೆಯಿತು.

ಬಾಗಿಲಲ್ಲಿ ಅಮ್ಮ ನಿಂತಿದ್ದಳು. ಕಾಲ ಬುಡದಲ್ಲಿ ಮೂರನೆಯ ಕಪ್ ಚೂರಾಗಿತ್ತು.

"ಇನ್ನೊಂದು ಸಲ ಹಾಕು," ಎಂದಳು ಅಮ್ಮ.

ಇನ್ನೊಂದು ಸಲ ಹಾಕಿದಳು. ಅಮ್ಮ ಬಂದು ಮಗನ ಕುರ್ಚಿಯಲ್ಲಿ ಕೂತಳು. ಎಂಟು ತಿಂಗಳಲ್ಲಿ ಅದರಲ್ಲಿ ಯಾರೂ ಕೂತಿರಲಿಲ್ಲ. ಮಗಳು ಎಲ್ಲವನ್ನೂ ಹೇಳಿದಳು. ಆ ದಿನ ಗೇಟಿನಾಚೆ ಯಾರಿದ್ದರು, ಯಾಕಿದ್ದರು, ಯಾಕೆ ಒಳಗೆ ಬರಲಿಲ್ಲ. ಹೇಳುತ್ತ ಹೇಳುತ್ತ ಅವಳ ದನಿ ಇಳಿಯಿತು. ಅಮ್ಮನಿಗೆ ಉಳಿದಿದ್ದದ್ದು ಆ ನಾಲ್ಕು ಹತ್ತು ಒಂದೇ ಎಂದು ಅವಳಿಗೆ ಗೊತ್ತಿತ್ತು.

ಅಮ್ಮ ಸೆರಗಿನಿಂದ ಕುರ್ಚಿಯ ಕೈ ಒರೆಸಿದಳು.

"ಐದು ವಾರದಿಂದ ಅಡುಗೆಮನೆ ಕಿಟಕಿಯಿಂದ ನೋಡ್ತಿದ್ದೀನಿ ಆ ಹುಡುಗನ್ನ. ಎರಡು ನಿಮಿಷ ನಿಂತು ಹೋಗ್ತಾನೆ. ಸತ್ತವರು ಗಡಿಯಾರ ನೋಡ್ಕೊಂಡು ಬರಲ್ಲ, ಅಷ್ಟು ತಿಳಿಯುತ್ತೆ ನನಗೂ."

"ಮತ್ತೆ ಟೀ ಯಾಕೆ ಇಡ್ತಿದ್ದೆ?"

"ನೀನು ಕರೀತೀಯೇನೋ ಅಂತ."

ಆಮೇಲೆ ಅಮ್ಮನ ಮುಖ ಒಮ್ಮೆಲೇ ಮುರಿಯಿತು. "ಕೂತಿರ್ತೀನಿ ಅಂದವನು ಕೂರಬೇಕಿತ್ತಲ್ವಾ?" ಎಂದಳು, ಮಗ ಎದುರಿಗೇ ಇದ್ದಾನೆ ಎಂಬಂತೆ, ಬೈಯುವ ದನಿಯಲ್ಲಿ. "ಯಾವತ್ತೂ ಹೀಗೇ ಅವನು. ಒಂದು ಕಡೆ ಕೂರೋನಲ್ಲ. ಒಂದು ಗಂಟೆ ಕೂರೋಕೆ ಆಗಲಿಲ್ವಾ ಅವನಿಗೆ..."

ತೀರಿಕೊಂಡ ಮಗನನ್ನು ಅಮ್ಮ ಬೈದದ್ದು ಅದೇ ಮೊದಲು. ಅತ್ತದ್ದೂ ಅದೇ ಮೊದಲು. ಮಗಳು ನೆಲದ ಮೇಲೆ ಕೂತು ಅವಳ ಮೊಣಕಾಲಿಗೆ ತಲೆ ಆನಿಸಿದಳು. ಇಬ್ಬರೂ ಸೇರಿ ಅವನನ್ನು ಮನಸಾರೆ ಬೈದರು, ಅತ್ತರು, ನಡುವೆ ಸೈಕಲ್ ಒರೆಸುವ ಮಾತು ನೆನಪಾಗಿ ನಕ್ಕೂಬಿಟ್ಟರು.

ಅವಳ ತಲೆಯಲ್ಲಿ ಮಾತ್ರ ಒಂದು ಮಾತು ಸುತ್ತುತ್ತಲೇ ಇತ್ತು. 'ಇದರಲ್ಲಿ ಬೇರೆ ಯಾರ ತಪ್ಪೂ ಇಲ್ಲ' ಎಂದಿದ್ದ ಅವನು. ಹೋಗಲ್ಲ ಎಂದು ತಾನು ಹಟ ಹಿಡಿದದ್ದು, ಮುಚ್ಚಳ ಮುಟ್ಟಲ್ಲ ಎಂದು ಅಣ್ಣ ಮಾತು ಕೊಟ್ಟದ್ದು... ಎರಡನ್ನೂ ಅವನು ಹೇಳಿರಲಿಲ್ಲ. ಸಾವಿನ ಮನೆಯಲ್ಲಿ ಇವಳು ಎಲ್ಲರೆದುರು ಕೇಳಿದಾಗಲೂ ಹೇಳಿರಲಿಲ್ಲ.

*

ಮರುದಿನ ಬೆಳಿಗ್ಗೆ ಅವಳು ಚಪ್ಪಲಿ ಮೆಟ್ಟಿಕೊಂಡು ಹೊರಟಳು. ಅವನ ಕೆಲಸ ಇವತ್ತು ಯಾವ ಬೀದಿಯಲ್ಲಿ ಎಂಬ ಪಟ್ಟಿ ಡಬ್ಬಿಯಲ್ಲೇ ಇತ್ತು. ದಾರಿಯಲ್ಲಿ ಶಾಲೆಯ ಗಂಟೆ ಕೇಳಿಸಿತು, ಚಕ್ರ ಕಿರುಗುಟ್ಟುವ ತಳ್ಳುಗಾಡಿ ಎದುರಾಯಿತು. ಎಲ್ಲ ಮೊದಲೇ ಗೊತ್ತಿದ್ದವರ ಹಾಗೆ ಅನ್ನಿಸಿದವು.

ಅವನು ರಸ್ತೆಯ ಅಂಚಿನಲ್ಲಿ ಹೆಡ್‌ಫೋನ್ ಹಾಕಿಕೊಂಡು, ಕುತ್ತಿಗೆ ಬಗ್ಗಿಸಿ, ಕಣ್ಣು ಮುಚ್ಚಿ ನಿಂತಿದ್ದ. ಅವಳು ಮಾತಾಡಿಸಲಿಲ್ಲ. ಮಾತು ಎಲ್ಲಿ ಆಡಬೇಕೆಂದು ಅಣ್ಣ ಹೇಳಿದ್ದನಲ್ಲ. ಡಬ್ಬಿಯನ್ನು ಅವನ ಸೈಕಲ್ಲಿನ ಬುಟ್ಟಿಯಲ್ಲಿಟ್ಟು ಬಂದಳು. ತೆರೆಯ ಮೇಲೆ ಒಂದು ಸಾಲಿನ ಟಿಪ್ಪಣಿ ಇತ್ತು.

'ಇವತ್ತು ನಾಲ್ಕು ಹತ್ತಕ್ಕೆ ಬನ್ನಿ.'

ಮಧ್ಯಾಹ್ನ ಮೂರೂವರೆಯಿಂದ ಅವಳು ಕಿಟಕಿಗೆ ಮುಖ ಮಾಡಿ ಕೂತಳು. ಅಡುಗೆಮನೆಯಲ್ಲಿ ಅಮ್ಮನ ಸದ್ದಿಲ್ಲ. ಬರುತ್ತಾನೆಯೇ? ಬರಲ್ಲ ಎಂದು ಹೇಳಿ ಹೋದವನು. ನಾಲ್ಕು ಹೊಡೆಯಿತು. ನಾಲ್ಕು ಐದು. ನಾಲ್ಕು ಹತ್ತು. ನಾಲ್ಕು ಹನ್ನೊಂದು...

ಟಿಣ್.

ಅವಳು ಎದ್ದು ಹೋಗಿ ಗೇಟಿನ ಈಚೆ ನಿಂತಳು. ಅವನು ಆಚೆ ನಿಂತಿದ್ದ. ಸೈಕಲ್ ಫಳಫಳ ಹೊಳೆಯುತ್ತಿತ್ತು. ಅದನ್ನು ಒರೆಸಿಕೊಂಡು ಬಂದಿದ್ದ.

"ಏನು?" ಎಂದಳು.

ಅವನು ತಬ್ಬಿಬ್ಬಾಗಿ ನೋಡಿದ.

"ಹೊರಗೆ ಬಂದು ಏನು ಅಂತ ಕೇಳು ಅಂದಿದ್ದ ಅಣ್ಣ. ಏಳನೇ ಫೈಲಲ್ಲಿ. ನಾನು ಇಷ್ಟು ದಿನ ತೆರೆದಿರ್ಲಿಲ್ಲ, ನಿನ್ನೆ ತೆರೆದೆ. ನಿಮ್ಮ ದನಿಯೂ ಇದೆ ಅದರಲ್ಲಿ. ಬೇಡ ಕಣೋ, ನಾಳೆ ಹೋಗ್ತೀನಿ ಅಂದಿದ್ದು."

ಅವನ ಕೈ ಗೇಟಿನ ಕಂಬಿಯನ್ನು ಹಿಡಿದುಕೊಂಡಿತು.

"ಮುಚ್ಚಳ ಮುಟ್ಟಲ್ಲ ಅಂತ ಅವನು ಮಾತು ಕೊಟ್ಟಿದ್ದ. ನೀವು ಯಾಕೆ ಹೇಳ್ಲಿಲ್ಲ? ಆ ದಿನ ಎಲ್ಲರ ಮುಂದೆ ನಾನು ನಿಮ್ಮನ್ನ..."

"ಅವನಿಗೆ ತಿರುಗಿ ಉತ್ತರ ಕೊಡೋಕೆ ಆಗಲ್ವಲ್ಲ," ಎಂದ ಅವನು. "ನನಗಾದ್ರೆ ಆಗುತ್ತೆ. ಅದಕ್ಕೆ ನನ್ನ ಮೇಲೇ ಇರ್ಲಿ ಅಂತ ಬಿಟ್ಟೆ."

ಅವಳ ಕಣ್ಣು ತುಂಬಿತು. ಒರೆಸಿಕೊಳ್ಳಲಿಲ್ಲ.

"ಈಗ ಹೇಳಿ. ಏನು?"

ಅವನು ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿದ. "ಒಂದು ಲೋಟ ನೀರು..."

ಅವಳಿಗೆ ಅಳುವಿನ ನಡುವೆಯೇ ನಗು ಉಕ್ಕಿತು. "ಊರಿಗೆಲ್ಲ ನೀರು ಕೊಡೋರಿಗೆ ನಮ್ಮ ಮನೆ ನೀರೇ ಬೇಕಾ?"

"ಅದು ಅವನು ಹೇಳ್ಕೊಟ್ಟಿದ್ದು," ಎಂದ. ಅವನ ತುಟಿಯೂ ಬಿರಿಯಿತು. "ನನ್ನ ಮಾತು ಬೇರೆ ಇದೆ."

"ಹೇಳಿ. ನಾನು ಕೇಳೋದ್ರಲ್ಲಿ ಗಟ್ಟಿ."

"ದಿನಾ ಸಂಜೆ ಎರಡು ನಿಮಿಷ ನಿಂತು ಹೋಗ್ತೀನಲ್ಲ... ಬರೋದು ಕಷ್ಟ ಅಲ್ಲ. ಆ ಹೋಗೋದು ಇದೆಯಲ್ಲ, ಅದು ನನ್ನಿಂದ ಆಗ್ತಿಲ್ಲ."

ಅವಳು ಚಿಲಕ ತೆಗೆದಳು. ಎಂಟು ತಿಂಗಳು ಯಾರೂ ಎಣ್ಣೆ ಹಾಕದ ಚಿಲಕ, ಕಿರ್ರೆಂದಿತು.

"ಹಾಗಾದ್ರೆ ಹೋಗ್ಬೇಡಿ. ಗೇಟ್ ಹತ್ರ ಸಿಗ್ನಲ್ ಕೂಡ ಅಷ್ಟು ಸರಿ ಇಲ್ಲ."

ಒಳಗೆ ಲೈಟರ್ ಚಟಕ್ಕೆಂದಿತು. ಈ ಸಲ ಕೈ ತಾನಾಗಿ ಹೋದದ್ದಲ್ಲ, ಕಿಟಕಿಯಿಂದ ನೋಡಿಯೇ ಹಚ್ಚಿದ್ದು. ಹೊಸ ಕಪ್ಪನ್ನು ತೊಳೆಯುವ ಸದ್ದು ಬಂತು. ಆಮೇಲೆ ಅಮ್ಮನ ದನಿ.

"ಬಂದ್ನಾ?"

ಅವಳು ಅವನ ಕಡೆ ನೋಡಿದಳು. ಅವನು ಒಂದು ಕಾಲು ಗೇಟಿನೊಳಗೆ, ಒಂದು ಕಾಲು ಹೊರಗೆ ಇಟ್ಟು, ಅಪ್ಪಣೆಗಾಗಿ ಕಾಯುತ್ತ ನಿಂತಿದ್ದ. ಕೊಕ್ಕರೆಯೇ. ಅವಳು ಅವನ ಕೈ ಹಿಡಿದು ಒಳಗೆಳೆದುಕೊಂಡಳು.

"ಬಂದ್ರಮ್ಮ."